ಊಟ ಆಯ್ತಾ ಡಾಕ್ಟ್ರೇ

ಹುಣಸೇಕುಂಟೆಯಲ್ಲಿ ಯಾರೂ ಯಾರಿಗೂ ನಮಸ್ಕಾರ ಅನ್ನುವುದಿಲ್ಲ. ನಮಸ್ಕಾರ ಏನಿದ್ದರೂ ಸೂಲಿಬೆಲೆಯಿಂದ ಬರುವ ರೆವಿನ್ಯೂ ಇನ್ಸ್‌ಪೆಕ್ಟರಿಗೆ, ಓಟು ಕೇಳಲು ಬರುವವರಿಗೆ. ಊರಿನವರ ನಡುವೆ ಓಡಾಡುವುದು ಒಂದೇ ಮಾತು: ಊಟ ಆಯ್ತಾ? ಬೆಳಗಾಗೆದ್ದು ಚೊಂಬು ಹಿಡಿದು ಕೆರೆ ಕಡೆ ಹೊರಟವನನ್ನೂ ಹಾಗೇ ಕೇಳುತ್ತಾರೆ, ಸಂತೆಯಿಂದ ಸುಸ್ತಾಗಿ ಬಂದವನನ್ನೂ ಹಾಗೇ ಕೇಳುತ್ತಾರೆ. ಉತ್ತರವೂ ಒಂದೇ: ಆಯ್ತು, ನಿಮ್ದು? ಉಂಡಿದ್ದರೂ ಆಯ್ತು, ಉಪವಾಸವಿದ್ದರೂ ಆಯ್ತು. ಕೇಳಿದವನಿಗೆ ಉತ್ತರ ಬೇಕಿಲ್ಲ, ಹೇಳಿದವನು ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡಿರುವುದಿಲ್ಲ. ಆದರೆ ಕೇಳದೆ ದಾಟಿಹೋದರೆ ಮಾತ್ರ, ಇವರಿಬ್ಬರಿಗೂ ಏನೋ ಆಗಿದೆ ಅಂತ ಸಂಜೆಯೊಳಗೆ ಊರೆಲ್ಲ ಗುಲ್ಲಾಗುತ್ತದೆ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ ಸಂಜೀವಪ್ಪ ಆ ಊರಿಗೆ ಬಂದ. ಅವನದು ದನದ ಆಸ್ಪತ್ರೆಯ ಸ್ಟಾಕ್‌ಮನ್ ಕೆಲಸ. ನಿಜವಾದ ಡಾಕ್ಟರು ಹೊಸಕೋಟೆಯಲ್ಲಿದ್ದರು; ಅವರು ಹುಣಸೇಕುಂಟೆಯ ಮುಖ ನೋಡಿದ್ದು ಅಪರೂಪ. ಸೂಜಿ ಚುಚ್ಚುವುದು, ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವುದು, ಹೆರಿಗೆ ಕಷ್ಟವಾದರೆ ಕೈ ಹಾಕುವುದು ಎಲ್ಲ ಇವನೇ. ಹಾಗಾಗಿ ಊರಿಗೆ ಇವನೇ ಡಾಕ್ಟ್ರು. ವಯಸ್ಸು ಇಪ್ಪತ್ತಾರು, ಮದುವೆಯಾಗಿರಲಿಲ್ಲ. ತಾಯಿ ಮುತ್ಯಾಲಮ್ಮ ಈ ಕೆಲಸದ ಆರ್ಡರು ಬರುವ ಹಿಂದಿನ ವರ್ಷ ತೀರಿಕೊಂಡಿದ್ದಳು.

ಬಂದ ವಾರದಲ್ಲೇ ಊರಿನ ದೊಡ್ಡ ಹಿಡುವಳಿದಾರ ಗಂಗಣ್ಣನ ಜಗಲಿಯ ಮೇಲೆ ವಿಚಾರಣೆ ಮುಗಿದಿತ್ತು. ಯಾವೂರು ಅಂದರು, ರಾಜಘಟ್ಟದ ಪಕ್ಕ ಅಂದ. ಯಾರ ಪೈಕಿ ಅಂದರು, ಸಂಜೀವಪ್ಪ ಮುಚ್ಚಿಡದೆ ಹೇಳಿದ. ಕೇರಿಯವನು. ಗಂಗಣ್ಣ ಎಲೆಗೆ ಸುಣ್ಣ ಸವರುತ್ತ, "ಆಗ್ಲಿ ಬಿಡಿ, ದನಕ್ಕೇನು ಗೊತ್ತಾಗ್ತದೆ," ಅಂದ. ಅಲ್ಲಿದ್ದವರು ನಕ್ಕರು. ಸಂಜೀವಪ್ಪನೂ ನಕ್ಕ, ನಗದೆ ಇನ್ನೇನು ಮಾಡಬೇಕೋ ತೋಚದೆ.

ಗಂಗಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸಂಜೀವಪ್ಪನಿಗೆ ಬೈದುಕೊಂಡಾದರೂ ಹೊತ್ತು ಹೋಗುತ್ತಿತ್ತು. ಗಂಗಣ್ಣನ ಕಷ್ಟ ಬೇರೆ: ಕೇರಿಯ ಹುಡುಗನನ್ನು ನೀವು ಅನ್ನಲು ನಾಲಿಗೆ ಏಳದು, ಪ್ಯಾಂಟು ಹಾಕಿದ ಸರ್ಕಾರಿ ನೌಕರನನ್ನು ನೀನು ಅನ್ನಲು ಧೈರ್ಯ ಸಾಲದು. ಅದಕ್ಕೆ ಅವನು ಎರಡೂ ಬೇಡದ ಮಾತುಗಳನ್ನೇ ಹುಡುಕಿಕೊಂಡ. "ಬಂದಿದ್ದಾಯ್ತಾ ಡಾಕ್ಟ್ರೇ?" "ಹಸು ನೋಡಿದ್ದಾಯ್ತಾ?" "ಇನ್ನೊಂದ್ಸಲ ಬರೋದಾಗ್ಬೇಕಲ್ಲ." ಈ ಜಾಣತನಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒದಗಿ ಬಂದದ್ದು ಊರಿನ ಹಳೆಯ ಪ್ರಶ್ನೆಯೇ. ದಿನಾ ಮಧ್ಯಾಹ್ನ ಸೈಕಲ್ಲು ತಳ್ಳಿಕೊಂಡು ಜಗಲಿಯ ಮುಂದೆ ಹಾದರೆ, "ಊಟ ಆಯ್ತಾ ಡಾಕ್ಟ್ರೇ?" "ಆಯ್ತು ಗಂಗಣ್ಣೋರೇ, ನಿಮ್ದು?" "ಆಯ್ತಾಯ್ತು." ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ಆ ಸೀಮೆಯ ಮನೆಗಳಲ್ಲಿ ದನ ಕಟ್ಟುವುದು ಮನೆಯೊಳಗೇ. ಹೆಬ್ಬಾಗಿಲು ದಾಟಿದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಬಚ್ಚಲು, ಎದುರಿಗೆ ಎರಡು ಮೆಟ್ಟಿಲು ಹತ್ತಿದರೆ ನಡುಮನೆ. ಹಾಗಾಗಿ ಸಂಜೀವಪ್ಪ ಗಂಗಣ್ಣನ ಹೆಬ್ಬಾಗಿಲು ದಾಟಬಹುದಿತ್ತು, ಹಸುವಿನ ಕೊರಳು ತಬ್ಬಿ ಹಿಡಿಯಬಹುದಿತ್ತು. ಆ ಎರಡು ಮೆಟ್ಟಿಲ ಹತ್ತಿರ ಮಾತ್ರ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ನಿಲ್ಲು ಅಂತ ಯಾರೂ ಯಾವತ್ತೂ ಹೇಳಲಿಲ್ಲ. ಕೈ ತೊಳೆಯಲು ಬಿಸಿನೀರನ್ನು ಎತ್ತರದಿಂದ ಸುರಿಯುತ್ತಿದ್ದರು. ಗೋಡೆಯ ಗೂಡಿನಲ್ಲಿ ಅವನಿಗೆಂದೇ ಒಂದು ಸೋಪು ಇತ್ತು, ಅದನ್ನು ಆ ಮನೆಯವರು ಡಾಕ್ಟ್ರ ಸೋಪು ಅನ್ನುತ್ತಿದ್ದರು.

ಕೊಡುವುದರಲ್ಲಿ ಊರಿನವರು ಜಿಪುಣರಲ್ಲ. ಬೇಯಿಸಿದ್ದನ್ನು ಕೊಡುವಂತಿಲ್ಲ, ಹಾಗಾಗಿ ಬೇಯಿಸದ್ದನ್ನು ಕೈತುಂಬ ಕೊಡುತ್ತಿದ್ದರು. ರಾಗಿ ಹಿಟ್ಟು, ದಂಟಿನ ಸೊಪ್ಪು, ಬದನೆಕಾಯಿ, ಅವರೆಕಾಯಿ ಕಾಲದಲ್ಲಿ ಮೊರಗಟ್ಟಲೆ ಅವರೆಕಾಯಿ. ಊರಿಗೂ ಕೇರಿಗೂ ನಡುವೆ, ಗಂಗಣ್ಣನ ಹಿತ್ತಿಲಿನ ಆಚೆಗೆ ಇದ್ದ ಹಳೇ ಹೆಂಚಿನ ಕೋಣೆಯೇ ಅವನ ಆಸ್ಪತ್ರೆ, ಅದರ ಹಿಂಭಾಗವೇ ಮನೆ. ಅಲ್ಲಿ ಅವನು ಒಬ್ಬನೇ ಕೂತು ಅವರೆಕಾಯಿ ಸುಲಿಯುತ್ತಿದ್ದ. ಅವರೆಕಾಯಿ ಸುಲಿಯುವುದು ಒಬ್ಬರು ಮಾಡುವ ಕೆಲಸವೇ ಅಲ್ಲ. ನಾಲ್ಕು ಜನ ಸುತ್ತ ಕೂತು ಯಾರದೋ ಮನೆಯ ಸುದ್ದಿ ಎತ್ತಿಕೊಂಡರೆ ಕಾಯಿ ಮುಗಿದದ್ದು ಗೊತ್ತಾಗಬಾರದು. ಇವನಿಗೆ ಪ್ರತಿಯೊಂದು ಕಾಯಿಯೂ ಗೊತ್ತಾಗುತ್ತಿತ್ತು. ಆಮೇಲೆ ಹಸಿ ಸೌದೆಯ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡು ಸಾರು ಕಾಯಿಸುತ್ತಿದ್ದ. ಹೊಗೆಗೆ ಹೋಗಲು ಬೇರೆ ದಾರಿಯಿಲ್ಲದೆ ಅದು ಹೆಂಚಿನ ಸಂದಿಯಿಂದ ಏಳುತ್ತಿತ್ತು. ಮುದ್ದೆಯನ್ನು ತಟ್ಟೆಗಿಟ್ಟುಕೊಂಡು ಗೋಡೆ ನೋಡುತ್ತ ಉಣ್ಣುತ್ತಿದ್ದ. ರುಚಿ ಹೇಗಿದೆ ಅಂತ ಹೇಳಲು ಯಾರೂ ಇಲ್ಲದಿದ್ದರೆ ರುಚಿಯೂ ಅಷ್ಟಕ್ಕಷ್ಟೆ.

ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಒಂದು ಹೊತ್ತು ಯಾರ ಪಕ್ಕದಲ್ಲಾದರೂ ಕೂತು ಉಣ್ಣಬೇಕು. ಅದಾಗದಿದ್ದರೆ ಉಂಡ್ಯಾ ಅಂತ ಯಾರಾದರೂ ಕೇಳಬೇಕು, ತಿಳಿದುಕೊಳ್ಳಬೇಕು ಅಂತಲೇ ಕೇಳಬೇಕು.

ಹಾಗಾದರೆ ಕೇರಿಗೆ ಹೋಗಬಹುದಿತ್ತಲ್ಲ ಅನ್ನಬೇಡಿ. ಹೋಗಿದ್ದ. ಮಿಕ್ಕ ಅವರೆಕಾಯಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಒಂದು ಸಂಜೆ ಪಾಪಯ್ಯನ ಗುಡಿಸಲ ಮುಂದೆ ಹೋಗಿ ನಿಂತಿದ್ದ. ಪಾಪಯ್ಯ ಕೇರಿಗೆ ಹಿರಿಯ, ಸಂಜೀವಪ್ಪನ ಅಪ್ಪ ಬದುಕಿದ್ದರೆ ಅದೇ ವಯಸ್ಸು. ಇವನನ್ನು ಕಂಡದ್ದೇ ಮುದುಕ ಧಡಕ್ಕನೆ ಎದ್ದು ತಲೆಯ ಟವೆಲು ತೆಗೆದು ಕಂಕುಳಿಗೆ ಸೇರಿಸಿದ.

"ಕೂತ್ಕಳಿ ಮಾವ, ಯಾಕ್ ಎದ್ರಿ," ಅಂದ ಸಂಜೀವಪ್ಪ.

"ಅಯ್ಯೋ ಬುಡಿ ಸಾ, ನೀವು ನನ್ನ ಮಾವ ಅನ್ನೋದೇನು," ಅಂತ ಪಾಪಯ್ಯ ನಾಚಿದ. ಭಜನೆ ಮನೆಯಿಂದ ಯಾರೋ ಓಡಿಹೋಗಿ ಕೇರಿಗಿದ್ದ ಒಂದೇ ಒಂದು ಕುರ್ಚಿ ತಂದರು. ಸಂಜೀವಪ್ಪ ಕುರ್ಚಿಯ ಮೇಲೆ, ಉಳಿದವರೆಲ್ಲ ನೆಲದ ಮೇಲೆ. ಕುರ್ಚಿಯ ಮೇಲಿಂದ ಏನು ಮಾತಾಡಿದರೂ ಅದು ಭಾಷಣದಂತೆ ಕೇಳುತ್ತಿತ್ತು. ಕಡೆಗೆ ನಾಚಿಕೆ ಬಿಟ್ಟು, "ಇವತ್ತು ನಿಮ್ಮನೇಲೇ ಒಂದು ಮುದ್ದೆ ಉಂಡು ಹೋಗ್ತೀನಿ ಮಾವ," ಅಂದ.

ಪಾಪಯ್ಯ ಸುತ್ತಲಿದ್ದವರನ್ನು ನೋಡಿ, ದನಿ ತಗ್ಗಿಸಿ, "ಬ್ಯಾಡಿ ಸಾ," ಅಂದ. "ಇಲ್ಲಿ ಉಂಡ್ರಿ ಅಂತ ಗೊತ್ತಾದ್ರೆ ನಾಳೆ ಅವ್ರು ನಿಮ್ಮನ್ನ ಒಳಕ್ಕೆ ಬಿಡಲ್ಲ. ಗಂಗಣ್ಣೋರ ಹೆಬ್ಬಾಗಿಲ ನಮ್ಮಪ್ಪನ ಕಾಲ್ದಿಂದ ನಮ್ಮೋರು ಯಾರೂ ದಾಟ್ಲಿಲ್ಲ. ನೀವು ದಾಟ್ತಾ ಇದ್ದೀರಿ. ಅದ್ನ ನೋಡ್ಕಂಡು ನಮ್ಗೂ ಒಂದು ಧೈರ್ಯ. ಒಂದು ಮುದ್ದೆಗೋಸ್ಕರ ಅದ್ನ ಕೆಡಿಸ್ಕಬ್ಯಾಡಿ."

ಮುದುಕನ ಮಾತಿನಲ್ಲಿ ಪ್ರೀತಿಯೇ ಇತ್ತು. ಅವರೆಕಾಯಿ ಕೊಟ್ಟು ಸಂಜೀವಪ್ಪ ಎದ್ದು ಬಂದ. ಅವನು ಹೋಗುವವರೆಗೂ ಕೇರಿ ಎದ್ದು ನಿಂತಿತ್ತು. ಹಿಂದಿನಿಂದ ಪಾಪಯ್ಯ ಕೂಗಿದ: "ಊಟ ಮಾಡಿ ಸಾ, ಹೊತ್ತಾಯ್ತು."

ಸಂಕ್ರಾಂತಿಗೆ ಇನ್ನೂ ಹದಿನೈದು ದಿನವಿರುವಾಗ ಗಂಗಣ್ಣನ ಗೌರಿಗೆ ಹೆರಿಗೆ ನೋವು ಬಂತು. ಗೌರಿ ಅಂದರೆ ಊರಿಗೆ ಬಂದ ಮೊದಲ ಸೀಮೆ ಹಸು. ಗಂಗಣ್ಣನ ಹೆಂಡತಿ ಅಮ್ಮಯಮ್ಮ ಅದನ್ನು ಮಗಳ ಹಾಗೆ ಸಾಕಿದ್ದಳು. ಬೆಳಗಿನ ಜಾವವೇ ಆಳು ಬಂದು ಕರೆದ. ಸಂಜೀವಪ್ಪ ಮುಖ ತೊಳೆದವನೇ ಹೋದ.

ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿತ್ತು. ಹೊಸಕೋಟೆಗೆ ಆಳು ಓಡಿಸಿದರೂ ಡಾಕ್ಟರು ಬರುವ ಹೊತ್ತಿಗೆ ಎರಡರಲ್ಲಿ ಒಂದು ಜೀವ ಹೋಗುತ್ತದೆ ಅಂತ ಅವನಿಗೆ ಗೊತ್ತಾಯಿತು. ಅಂಗಿ ಬಿಚ್ಚಿ, ತೋಳಿಗೆಲ್ಲ ಹರಳೆಣ್ಣೆ ಬಳಿದುಕೊಂಡು ಒಳಗೆ ಕೈ ಹಾಕಿದ. ಕರುವನ್ನು ಹಿಂದಕ್ಕೆ ತಳ್ಳಿ ಕಾಲನ್ನು ನೆಟ್ಟಗೆ ಮಾಡಬೇಕು, ಹಸು ತಿಣುಕಿದಾಗ ಎರಡು ಎಲುಬಿನ ನಡುವೆ ತೋಳು ನುಗ್ಗಾಗುತ್ತದೆ, ಮತ್ತೆ ಮೊದಲಿಂದ. ಸೂರ್ಯ ನೆತ್ತಿಗೆ ಬಂದು ಇಳಿಯತೊಡಗಿದ. ಗಂಗಣ್ಣ ಹಸುವಿನ ತಲೆ ಹಿಡಿದು ಕೂತೇ ಇದ್ದ. ಅಮ್ಮಯಮ್ಮ ಬಿಸಿನೀರಿನ ಮೇಲೆ ಬಿಸಿನೀರು ತಂದಿಟ್ಟಳು. ಒಂದು ಸಲ ನೀರು ಸುರಿಯುವಾಗ ಎತ್ತರದಿಂದ ಸುರಿಯುವುದನ್ನು ಮರೆತು ಅವನ ತೋಳನ್ನೇ ಹಿಡಿದು ತಿಕ್ಕಿದಳು. ಅದನ್ನು ಅವಳು ಗಮನಿಸಿದಳೋ ಇಲ್ಲವೋ, ಸಂಜೀವಪ್ಪ ಗಮನಿಸಿದ.

ಮೂರು ಗಂಟೆಯ ಹೊತ್ತಿಗೆ ಕರು ಹೊರಗೆ ಬಂತು. ಹೆಣ್ಣುಗರು. ಸಂಜೀವಪ್ಪ ಅದರ ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಮೈ ಉಜ್ಜಿದ. ಕರು ಸೀನಿತು. ಗೌರಿ ತಿರುಗಿ ನೆಕ್ಕತೊಡಗಿತು. ಗಂಗಣ್ಣನ ಕಣ್ಣು ತುಂಬಿದ್ದವು. ಅಮ್ಮಯಮ್ಮ ನಡುಮನೆಗೆ ಓಡಿದಳು, ಅಲ್ಲಿಂದ ಮುದ್ದೆ ತೊಳಸುವ ಕೋಲಿನ ಸದ್ದು ಕೇಳಿಸತೊಡಗಿತು. ಬೆಳಗಿನಿಂದ ಆ ಮನೆಯಲ್ಲಿ ಯಾರ ಬಾಯಿಗೂ ಏನೂ ಬಿದ್ದಿರಲಿಲ್ಲ.

ಸಂಜೀವಪ್ಪ ಕೈ ತೊಳೆದು ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿ ನಿಂತ. ಕರು ನೋಡಲು ಬಂದ ನಾಲ್ಕಾರು ಜನ ಹೆಬ್ಬಾಗಿಲಲ್ಲಿದ್ದರು. ಗಂಗಣ್ಣ ಮುಖ ಒರೆಸಿಕೊಂಡು, ಏನಾದರೂ ಒಳ್ಳೆಯ ಮಾತು ಆಡಬೇಕು ಅಂತ ಒದ್ದಾಡಿ, ಯಾವುದೂ ಸಿಗದೆ, ನಾಲಿಗೆಗೆ ಅಭ್ಯಾಸವಾದದ್ದನ್ನೇ ಆಡಿದ.

"ಊಟ ಆಯ್ತಾ ಡಾಕ್ಟ್ರೇ?"

"ಇಲ್ಲ," ಅಂದ ಸಂಜೀವಪ್ಪ.

ಬೇಕೆಂದು ಅಂದದ್ದಲ್ಲ. ಆಯಾಸಕ್ಕೆ ನಿಜ ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು. ಆದರೂ, ಇರಲಿ, ಇವತ್ತಾದರೂ, ಅಂತ ಒಂದು ಆಸೆ ಹುಟ್ಟಿದ್ದೂ ಸುಳ್ಳಲ್ಲ. ಒಳಗೆ ಮುದ್ದೆ ಕೋಲಿನ ಸದ್ದು ನಿಂತಿತು. ಹೆಬ್ಬಾಗಿಲಲ್ಲಿದ್ದವರು ಕರುವನ್ನು ಬಿಟ್ಟು ಗಂಗಣ್ಣನನ್ನು ನೋಡಿದರು.

ಇಲ್ಲ ಅಂದವನಿಗೆ ಬನ್ನಿ ಅನ್ನಬೇಕು. ಅದು ಆ ಊರಿನ ಕಟ್ಟು, ಹಗೆಯವನಾದರೂ ಬಿಡುವಂತಿಲ್ಲ. ಇವನಿಗೆ ಬನ್ನಿ ಅನ್ನುವಂತಿಲ್ಲ. ಅದೂ ಆ ಊರಿನ ಕಟ್ಟೇ. ಗಂಗಣ್ಣ ಎರಡರ ನಡುವೆ ಸಿಕ್ಕಿಬಿದ್ದು ಬೆವರಿದ. "ಇಲ್ವಾ?" ಅಂದ. ಹಸುವನ್ನು ನೋಡಿದ, ಮೆಟ್ಟಿಲನ್ನು ನೋಡಿದ. ಕೊನೆಗೆ ಒಳಕ್ಕೆ ಹೋಗಿ ತಾನೇ ಮೊರ ತುಂಬಿಸಿಕೊಂಡು ಬಂದ. ಅಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ಚಿಕ್ಕ ಗಡಿಗೆಯಲ್ಲಿ ತುಪ್ಪ.

"ಮನೆಗೆ ಹೋಗಿ ಮಾಡ್ಕೊಂಡು ಹೊಟ್ಟೆ ತುಂಬ ಉಣ್ಣೋದಾಗ್ಲಿ," ಅಂದ. ಪಾಪ, ಅವನೂ ಕೊಡಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟಿದ್ದ.

ಸಂಜೀವಪ್ಪ ಮೊರ ಹೊತ್ತುಕೊಂಡು ಮನೆಗೆ ಬಂದ. ಅದನ್ನು ಮೂಲೆಯಲ್ಲಿಟ್ಟು ಹಾಗೇ ಮಲಗಿದ. ಮಾರನೆಯ ದಿನ ಆಳಿನ ಕೈಲಿ ಗಿಣ್ಣು ಹಾಲು ಬಂತು, ಕಾಯಿಸದ್ದು, ಬೆಲ್ಲ ಏಲಕ್ಕಿ ಬೇರೆ ಪೊಟ್ಟಣದಲ್ಲಿ. ಊರಿನ ಉಳಿದ ಮನೆಗಳಿಗೆ ಗಿಣ್ಣು ಹೋದದ್ದು ಬೇಯಿಸಿ, ಬಾಳೆ ಎಲೆಯ ತುಂಡಿನಲ್ಲಿಟ್ಟು. ಇವನು ಕಾಯಿಸಲು ಹೋಗಿ ತಳ ಹಿಡಿಸಿದ.

ಅವತ್ತಿನಿಂದ ಹುಣಸೇಕುಂಟೆ ಅವನನ್ನು ಊಟ ಆಯ್ತಾ ಅಂತ ಕೇಳುವುದನ್ನು ಬಿಟ್ಟಿತು.

ಯಾರೂ ಮಾತಾಡಿಕೊಂಡು ಬಿಟ್ಟದ್ದಲ್ಲ. ಕೇಳಿದರೆ ಈ ಮನುಷ್ಯ ಇಲ್ಲ ಅನ್ನಬಹುದು ಅನ್ನುವುದು ಎಲ್ಲರಿಗೂ ತಿಳಿದಿತ್ತು, ಅಷ್ಟೆ. ಜಗಲಿಯ ಮುಂದೆ ಹಾದರೆ ಒಬ್ಬ ಎಲೆಯ ನಾರು ತೆಗೆಯಲು ತೊಡಗುತ್ತಿದ್ದ, ಇನ್ನೊಬ್ಬ ಆಕಾಶ ನೋಡಿ "ಬಿಸ್ಲು ಜಾಸ್ತಿ" ಅನ್ನುತ್ತಿದ್ದ. ಗಂಗಣ್ಣ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದ. ದನ ನೋಡಲು ಕರೆಯುತ್ತಿದ್ದರು, ಸೋಪು ಗೂಡಿನಲ್ಲೇ ಇತ್ತು, ಸೊಪ್ಪು ಕಾಯಿ ಬರುವುದೂ ನಿಲ್ಲಲಿಲ್ಲ. ಕೇರಿಯಲ್ಲಿ ಪಾಪಯ್ಯ ಸುದ್ದಿ ಕೇಳಿ, "ಹಂಗಂದ್ಬಿಟ್ರಾ ಸಾ?" ಅಂತ ತಲೆ ಮೇಲೆ ಕೈ ಇಟ್ಟುಕೊಂಡಿದ್ದ.

ಊಟ ಆಯ್ತಾ ಅನ್ನುವ ಪ್ರಶ್ನೆಯನ್ನು ಸಂಜೀವಪ್ಪ ಮನಸ್ಸಿನಲ್ಲೇ ಎಷ್ಟು ಸಲ ಆಡಿಕೊಂಡಿದ್ದನೋ. ಬರೀ ಬಾಯಿಮಾತು, ಸುಳ್ಳು ಕಾಳಜಿ ಅಂದುಕೊಂಡಿದ್ದ. ಈಗ ಅದೂ ಇಲ್ಲದೆ ದಿನ ತಳ್ಳುವುದು ಎಂಥದು ಅಂತ ಗೊತ್ತಾಯಿತು. ಬೆಳಗಿನಿಂದ ಸಂಜೆವರೆಗೆ ಹಸುವಿನ ಹೆಸರು, ಎಮ್ಮೆಯ ಹೊಟ್ಟೆ, ಹೋರಿಯ ಕಾಲು ಬಿಟ್ಟು ಅವನ ಬಗ್ಗೆ ಒಂದು ಮಾತನ್ನೂ ಯಾರೂ ಕೇಳುತ್ತಿರಲಿಲ್ಲ. ಅಡುಗೆ ಮಾಡಲು ಬೇಸರವಾಯಿತು. ಒಂದು ದಿನ ಮಾಡಿದರೆ ಎರಡು ದಿನ ಕಡ್ಲೆಪುರಿ ತಿಂದು ನೀರು ಕುಡಿಯುತ್ತಿದ್ದ. ಬೀದಿಯಲ್ಲಿ ಯಾರೋ ಯಾರನ್ನೋ "ಊಟ ಆಯ್ತೇನಪ್ಪಾ?" ಅಂದರೆ ಇವನ ತಲೆ ತಾನಾಗಿ ಆ ಕಡೆ ತಿರುಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಸೈಕಲ್ಲು ತಳ್ಳಿಕೊಂಡು ಗಂಗಣ್ಣನ ಮನೆಯ ಮುಂದೆ ಬಂದ. ಆವತ್ತೂ ಒಲೆ ಹಚ್ಚಿರಲಿಲ್ಲ. ಜಗಲಿಯ ಮೇಲೆ ಗಂಗಣ್ಣ, ಇನ್ನಿಬ್ಬರು ಕೂತಿದ್ದರು. ಎಂದಿನಂತೆ ಮಾತು ನಿಂತಿತು. ಸಂಜೀವಪ್ಪ ದಾಟಿ ನಾಲ್ಕು ಹೆಜ್ಜೆ ಹೋದವನು ಸೈಕಲ್ಲು ತಿರುಗಿಸಿಕೊಂಡು ಬಂದು ಜಗಲಿಯ ಮುಂದೆ ನಿಂತ.

"ನಂದು ಊಟ ಆಯ್ತು ಗಂಗಣ್ಣೋರೇ," ಅಂದ.

ಯಾರೂ ಕೇಳಿರಲಿಲ್ಲ. ಪ್ರಶ್ನೆಯೇ ಇಲ್ಲದೆ ಉತ್ತರ ತಂದು ಒಪ್ಪಿಸಿದ ಆ ಮುಖವನ್ನು ನೋಡಲಾಗದೆ ಒಬ್ಬ ತಲೆ ತಗ್ಗಿಸಿದ. ಆದರೆ ಗಂಗಣ್ಣನ ಮುಖ ಅರಳಿತು. ಎರಡು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತೆ ಅವನು ಮುಂದಕ್ಕೆ ಬಾಗಿದ.

"ಆಯ್ತಾ ಡಾಕ್ಟ್ರೇ? ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತಾಯ್ತು. ಈಗ್ತಾನೆ ಆಯ್ತು." ಉಳಿದಿಬ್ಬರೂ, "ನಮ್ದೂ ಆಯ್ತು, ನಮ್ದೂ ಆಯ್ತು," ಅಂದರು. ಎಲ್ಲರಿಗೂ ಹಗುರವಾಯಿತು. ಸಂಜೀವಪ್ಪನೂ ನಕ್ಕ. ಎಲ್ಲ ಮೊದಲಿನಂತಾಯಿತು ಅಂತ ಅವನಿಗೆ ಸಮಾಧಾನವಾಯಿತು, ಎಲ್ಲ ಮೊದಲಿನಂತೆಯೇ ಆಯಿತಲ್ಲ ಅಂತ ಸಂಕಟವೂ ಆಯಿತು. ಸೈಕಲ್ಲು ತಿರುಗಿಸಿದ.

"ಸುಳ್ಳು ಹೇಳ್ತೀಯಲ್ಲಪ್ಪಾ."

ಹೆಬ್ಬಾಗಿಲ ಹಿಂದಿನಿಂದ ಬಂದ ದನಿ. ಅಮ್ಮಯಮ್ಮ ಬೀದಿಯಲ್ಲಿ ನಿಂತ ಗಂಡಸರೊಂದಿಗೆ, ಅದೂ ಗಂಡ ಜಗಲಿಯಲ್ಲಿರುವಾಗ, ಹೀಗೆ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. ಅವಳು ಬಾಗಿಲ ಸಂದಿಗೆ ಬಂದು ನಿಂತಳು.

"ನಿನ್ ಸೂರಲ್ಲಿ ಇವತ್ತು ಹೊಗೆ ಎದ್ದಿಲ್ಲ. ನಿನ್ನೇನೂ ಎದ್ದಿಲ್ಲ. ಪಾತ್ರೆ ತೊಳ್ಯಕ್ಕೆ ಹಿತ್ಲಿಗೆ ಹೋದಾಗ್ಲೆಲ್ಲ ನೋಡ್ತೀನಿ ನಾನು. ನೀನ್ ಬಂದಾಗಿಂದ ನೋಡ್ತಾ ಇವ್ನಿ. ಹೊಗೆ ಎದ್ರೆ, ಸದ್ಯ, ಹುಡ್ಗ ಉಣ್ತಾನೆ ಅಂತ ಒಳಕ್ಕೆ ಬಂದು ನಾನು ತಟ್ಟೆ ಹಾಕ್ಕೊತೀನಿ. ಈಗೀಗ ಏಳೋದೇ ಇಲ್ವಲ್ಲ."

ಆ ಹೆಂಗಸು ನೀನು ಅಂದಿದ್ದಳು. ಊರಿನವರು ಕೇರಿಯವರನ್ನು ಕರೆಯುವ ನೀನು ಅದಲ್ಲ. ಆ ನೀನು ಸಂಜೀವಪ್ಪನಿಗೆ ಹುಟ್ಟಿದಾಗಿನಿಂದ ಗೊತ್ತು. ಇದು ತಾಯಿ ಮುತ್ಯಾಲಮ್ಮ ಸತ್ತ ಮೇಲೆ ಅವನು ಕೇಳದೆ ಇದ್ದದ್ದು.

ಒಳಗೆ ಬಾ ಅಂತ ಅಮ್ಮಯಮ್ಮ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ, ಅನ್ನುತ್ತಾಳೆ ಅಂತ ಅವನೂ ಕಾಯಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಅಲ್ಲೇ ನಿಂತಿದ್ದಳು.

"ಈಗ್ ಹೋಗಿ ಹಚ್ತೀನಿ ಕಣಮ್ಮಾ," ಅಂದ ಸಂಜೀವಪ್ಪ.

ಮನೆಗೆ ಬಂದವನು ಅಂಗಿಯನ್ನೂ ಬಿಚ್ಚಲಿಲ್ಲ. ಒಲೆಯ ಬೂದಿ ತೆಗೆದು ಕಡ್ಡಿ ಗೀರಿದ. ಒಣಗಿದ ಸೌದೆ ಮೂಲೆಯಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಹೊರಗೆ ಬಿದ್ದಿದ್ದ ಹಸಿ ಹುಣಸೆ ಕೊಂಬೆಗಳನ್ನು ಮುರಿದು ತಂದು ಒಲೆಗೆ ತುರುಕಿ ಊದತೊಡಗಿದ. ಹೊಗೆ ದಟ್ಟವಾಗಿ ಎದ್ದು ಕೋಣೆ ತುಂಬಿ, ಹೆಂಚಿನ ಸಂದಿಗಳನ್ನು ಹುಡುಕಿಕೊಂಡು ಮೇಲೆ ಹೋಯಿತು. ಕಣ್ಣು ಸುರಿಯುತ್ತಿದ್ದವು, ಕೆಮ್ಮು ಬರುತ್ತಿತ್ತು. ಗಂಗಣ್ಣನ ಹಿತ್ತಿಲ ಕಡೆಯಿಂದ ಪಾತ್ರೆಗಳ ಸದ್ದು ಕೇಳುವವರೆಗೂ ಅವನು ಊದುವುದನ್ನು ನಿಲ್ಲಿಸಲಿಲ್ಲ.